ಕ್ಯಾರೆಟ್ಟಿಗೆ ಬಳಿದ ಮಣ್ಣು

ಅಡುಗೆಮನೆಯ ಮೇಜಿನಿಂದ,
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನಿನ್ನ ಅವಳಿ ಮೊಮ್ಮಕ್ಕಳು ಸರದಿ ಹಾಕಿಕೊಂಡು ಅಳುವುದು ಫೋನಿನಲ್ಲೇ ಕೇಳಿಸುತ್ತದೆ. ಅದು ನಮ್ಮ ಮನೆತನದ ಗಂಟಲು, ಏನೂ ಮಾಡಲಾಗದು. ಮಗಳಿಗೆ ಹೊತ್ತುಹೊತ್ತಿಗೆ ಊಟ ಹಾಕು, ನೀನೂ ತಿನ್ನು. ಫೋನಿರುವಾಗ ಇವಳೇಕೆ ಕಾಗದ ಬರೆದಳು ಎಂದು ನಗಬೇಡ, ಕೊನೆಗೆ ಹೇಳುತ್ತೇನೆ. ನನ್ನ ಮೈಗೇನೂ ಆಗಿಲ್ಲ. ಆದರೆ ಸೋಮವಾರದಿಂದ ತರಕಾರಿ ಕಂಡರೆ ಸಾಕು, ವಾಕರಿಕೆ ಬರುತ್ತದೆ.

ನೀನು ಮಗಳ ಬಾಣಂತನಕ್ಕೆ ಹೊರಟಮೇಲೆ ಭಾನುವಾರದ ಸಂತೆಯ ಉಸ್ತುವಾರಿ ನನ್ನ ತಲೆಗೆ ಬಿತ್ತಲ್ಲ. ಹನ್ನೊಂದು ವರ್ಷದ ಹಿಂದೆ ಆ ಹಳೇ ಬಸ್ ಡಿಪೋ ಅಂಗಳ ಗುಡಿಸಿ ನೀನು ಹಾಕಿದ ನಿಯಮ ಒಂದೇ: 'ಬೆಳೆದ ಕೈಯೇ ಮಾರಬೇಕು.' ಸಗಟು ಮಾರುಕಟ್ಟೆಯ ಮಾಲು ತಂದಿಟ್ಟವರ ಹೆಸರಿನ ಹಲಗೆ ಎಲ್ಲರೆದುರು ಕೆಳಗಿಳಿಯಬೇಕು. ಎರಡು ಸಂತೆಗಳ ಹಿಂದೆ ದರ್ಜಿಯ ಹಲಗೆ ಇಳಿಸಿದೆ. ಅವನ ಕೊತ್ತಂಬರಿ ಕಟ್ಟುಗಳಿಗೆ ಅಂಗಡಿಯಲ್ಲಿ ಉಳಿದ ಬಣ್ಣಬಣ್ಣದ ನೂಲು ಸುತ್ತಿರುತ್ತಿತ್ತು, ನೆನಪಿದೆಯೇ? ಅವತ್ತು ಎಲ್ಲಕ್ಕೂ ರಬ್ಬರ್ ಬ್ಯಾಂಡು. 'ಒಂದೇ ವಾರ ಅಮ್ಮಾ, ಸೊಪ್ಪಿಗೆಲ್ಲಾ ಹುಳ ಬಿದ್ಬಿಡ್ತು' ಎಂದು ಕೈಮುಗಿದ. ನಾನು ಕರಗಲಿಲ್ಲ. ನಿಮ್ಮ ಮಳಿಗೆಯಲ್ಲಿ ನಿಂತಿದ್ದ ಭಾವ 'ಭೇಷ್! ನಮ್ಮನೆಯವಳ ತಂಗಿ ಅಂದ್ರೆ ಹೀಗಿರ್ಬೇಕು' ಎಂದು ಚಪ್ಪಾಳೆ ತಟ್ಟಿದರು. ನಾನೂ ಹಿಗ್ಗಿದೆ. ಆ ಹಿಗ್ಗು ನೆನೆದರೆ ಈಗ ನಾಚಿಕೆಯಾಗುತ್ತದೆ.

ಸೋಮವಾರ ಶಾಲೆಯ ಅಡುಗೆಯವಳು ಬಂದು ಒಂದು ಬುಟ್ಟಿ ಕ್ಯಾರೆಟ್ಟನ್ನು ನನ್ನ ಮುಂದೆ ಕುಕ್ಕಿದಳು. ಮಕ್ಕಳ ಊಟಕ್ಕೆಂದು ನಾಲ್ಕೈದು ಮಳಿಗೆಗಳಿಂದ ಒಟ್ಟು ಮಾಡಿ ಒಯ್ದದ್ದು, ಯಾರದ್ದೆಂದು ಅವಳಿಗೂ ಗೊತ್ತಿಲ್ಲ. 'ಇದು ಗೋಡೌನ್ ಮಾಲು ಕಣಮ್ಮಾ. ಕತ್ತರಿಸಿದ್ರೆ ಒಳಗೆಲ್ಲಾ ಕಟ್ಟಿಗೆ' ಎಂದಳು. ಆದರೆ ಮೈತುಂಬ ಮಣ್ಣಿದೆಯಲ್ಲ ಎಂದುಕೊಂಡು ಒಂದನ್ನು ಎತ್ತಿ ನೋಡಿದೆ. ಸೊಪ್ಪು ಕತ್ತರಿಸಿದ ತಲೆಯ ಮೇಲೂ ಮಣ್ಣು! ಕಿತ್ತಮೇಲೆ ಕತ್ತರಿಸಿದ ಜಾಗಕ್ಕೆ ಮಣ್ಣು ಹೇಗೆ ಹತ್ತುತ್ತದೆ ಹೇಳು. ತೊಳೆದ ಕ್ಯಾರೆಟ್ ತಂದು, ಮಣ್ಣು ಕಲಸಿ, ಬಳಿದು, ಒಣಗಿಸಿ, ಈಗಷ್ಟೇ ಕಿತ್ತದ್ದೆಂದು ಕೊಟ್ಟಿದ್ದಾರೆ. ಅದೂ ಮಕ್ಕಳ ತಟ್ಟೆಗೆ. ಥೂ! ದರ್ಜಿಯದೂ ಸುಳ್ಳೇ, ಆದರೆ ಅವನು ಅದಕ್ಕೆ ಮಣ್ಣು ಬಳಿಯುತ್ತ ಕೂರಲಿಲ್ಲ. 'ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ' ಎಂದು ಅಮ್ಮ ಸುಮ್ಮನೆ ಹೇಳುತ್ತಿರಲಿಲ್ಲ. ತೋಳೇರಿಸಿ ಕೂತು ಒಂದೊಂದನ್ನೇ ಬಳಿದ ಆ ಶ್ರದ್ಧೆ ಇದೆಯಲ್ಲ, ನನಗೆ ಅದೇ ಹೇಸಿಗೆ. ಅಷ್ಟು ಹೊತ್ತಿನಲ್ಲಿ ಎರಡು ಸಾಲು ಬೀಜ ಹಾಕಬಹುದಿತ್ತು.

ಎಲ್ಲವನ್ನೂ ನಲ್ಲಿಯ ಕೆಳಗೆ ತೊಳೆದೆ. ಕೆಸರಿನ ಜೊತೆ ಮೊಟ್ಟೆಚಿಪ್ಪಿನ ಚೂರುಗಳು ಉದುರಿದವು. ಒಂದು ಚೂರನ್ನು ಬೆರಳ ತುದಿಗೆತ್ತಿಕೊಂಡು ನೋಡಿದೆ. 'ವಿಚಾರಿಸ್ತೀನಿ' ಎಂದಷ್ಟೇ ಹೇಳಿ ಅಡುಗೆಯವಳನ್ನು ಕಳಿಸಿದೆ. ಅವಳ ಮುಖ ನೋಡಲಾಗಲಿಲ್ಲ.

ಇರಲಿ. ಮಗಳಿಗೂ ಅಳಿಯನಿಗೂ ನನ್ನ ನೆನಪು ಹೇಳು. ಅವಳಿಗಳ ನಾಲ್ಕು ಕೆನ್ನೆಗೂ ಚಿಕ್ಕಜ್ಜಿಯ ಒಂದೊಂದು ಮುತ್ತು. ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ ತಂಗಿ,
ಸಿಡುಕಿ

ತಾ.ಕ.: ಗುಲಾಬಿ ಕುಂಡಕ್ಕೆ ಮೊಟ್ಟೆಚಿಪ್ಪು ಪುಡಿಮಾಡಿ ಹಾಕುವವಳು ನಮ್ಮ ಸಂತೆಯಲ್ಲಿ ನೀನೊಬ್ಬಳೇ. ಮಂಗಳವಾರ ನಿಮ್ಮ ಮನೆಗೆ ಹೋಗಿದ್ದೆ. ಹಿತ್ತಲ ಕ್ಯಾರೆಟ್ ಮಡಿ ಒಣಗಿ ಕಲ್ಲಾಗಿದೆ. ಗುಲಾಬಿಗೆ ಮಾತ್ರ ಭಾವ ತಪ್ಪದೆ ನೀರು ಹಾಕಿದ್ದಾರೆ, ನೀನು ದಿನಾ ಫೋನಿನಲ್ಲಿ ಕೇಳುತ್ತೀಯಲ್ಲ. ಆ ಮೆತ್ತನೆ ಮಣ್ಣೇ ಬಳಿಯಲು ಒದಗಿತು. ಕುಂಡಗಳು ಅರ್ಧ ಬರಿದಾಗಿವೆ. 'ತೋಟ ಒಣಗಿಸ್ಬಿಟ್ಟೆ ಅಂತ ನಿಮ್ಮಕ್ಕನಿಗೆ ಹೇಗೆ ಹೇಳ್ಲಿ? ನೀನೂ ಹೇಳ್ಬೇಡಮ್ಮ' ಎಂದು ಭಾವ ಅತ್ತೇಬಿಟ್ಟರು. ಕನಿಕರವೂ ಬಂತು, ಹೇಸಿಗೆಯೂ ಬಂತು, ಎದ್ದು ಬಂದೆ. ಈ ಭಾನುವಾರ ನಿಮ್ಮ ಹಲಗೆಯನ್ನು, ನಿನ್ನ ಹೆಸರೇ ಮೊದಲಿರುವ ಹಲಗೆಯನ್ನು, ದರ್ಜಿಯನ್ನು ಕರೆಸಿ ಅವನ ಕಣ್ಣೆದುರೇ ಇಳಿಸುತ್ತೇನೆ. ಫೋನು ಮಾಡಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಕೇಳಿಬಿಡುತ್ತಿದ್ದೆ. ಅದಕ್ಕೇ ಈ ಕಾಗದ. ಇದು ನಿನ್ನ ಕೈ ಸೇರುವುದು ಸೋಮವಾರ.