ನೋಡದ ಜಾಗಕ್ಕೊಂದು ಕೆಂಪು ಸೂಜಿ

ಮಂಗಳವಾರ, ಬೆಳಿಗ್ಗೆ ಹತ್ತೂವರೆ
ಹೋಟೆಲಿನ ಆರನೇ ಮಹಡಿ

ಪ್ರೀತಿಯ ಗೋಂದು,

ಈ ಹೆಸರಿನಿಂದ ಕರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ. ಆದರೆ ಬೆರಳ ತುಂಬ ಅಂಟು ಮೆತ್ತಿಕೊಂಡೇ ಊಟಕ್ಕೆ ಕೂರುವ ಗಂಡನಿಗೆ ಬೇರೆ ಯಾವ ಹೆಸರೂ ಒಗ್ಗುವುದಿಲ್ಲ. ಫೋನ್ ಮಾಡಿದರೆ ನೀನು ‘ಹ್ಞೂಂ, ಹೇಳು’ ಎನ್ನುತ್ತೀಯ, ಆ ‘ಹ್ಞೂಂ’ಗೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿ, ಪುಣ್ಯಾತ್ಮ.

ಅತ್ತೆಯ ಮಂಡಿನೋವು ಹೇಗಿದೆ? ನಾನು ಮನೆ ಬಿಟ್ಟ ಈ ಎಂಟು ತಿಂಗಳಲ್ಲಿ ಅವರು ವಾರಕ್ಕೊಮ್ಮೆ ನನ್ನ ಜೊತೆ ಮಾತಾಡಿದ್ದಾರೆ. ನಿನಗೆ ಹೇಳಬೇಡ ಅಂದಿದ್ದರು, ಹೇಳಿಬಿಟ್ಟೆ. ನೀನು ಮರೆವಿಗೆ ಡಾಕ್ಟರ ಹತ್ತಿರ ಹೋಗಿ ಬಂದದ್ದೂ ಅವರಿಂದಲೇ ಗೊತ್ತಾಯಿತು. ಆ ವಿಷಯ ಆಮೇಲೆ.

ಮೊದಲು ಈ ನಗರಕ್ಕೆಂದು ನೀನು ಮಾಡಿದ ಬಡಾವಣೆಯ ಮಾಡೆಲಿನ ಸಮಾಚಾರ. ನಾಲ್ಕು ಪೆಟ್ಟಿಗೆಯಲ್ಲಿ ಸಮುದ್ರ ದಾಟಿ ಬಂತು. ಸೇತುವೆ, ಬಸ್ಸಿನ ದಾರಿ, ತಾರಸಿ ತೋಟ ಎಲ್ಲ ನೆಟ್ಟಗಿವೆ. ನದೀದಂಡೆಯ ಮರಗಳು ಮಾತ್ರ ನಲವತ್ತೋ ಐವತ್ತೋ ಕಿತ್ತು ಬಂದಿದ್ದವು. ನಿನ್ನೆ ಬೆಳಿಗ್ಗೆಯೆಲ್ಲ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಅಂಟಿಸಿದೆ, ನಿನ್ನ ಚಿಮಟದಿಂದಲೇ. ಹೌದು, ಕಳೆದುಹೋಯಿತೆಂದು ನೀನು ಮಾಡೆಲ್ ಕೋಣೆಯನ್ನೆಲ್ಲ ತಲೆಕೆಳಗು ಮಾಡಿದೆಯಂತಲ್ಲ, ಅದೇ ಚಿಮಟ. ಹೋಗುವಾಗ ನಾನು ಎತ್ತಿಕೊಂಡು ಹೋಗಿದ್ದೆ. ಏನಾದರೂ ನಿನ್ನದೊಂದು ಇರಲಿ ಅನ್ನಿಸಿತ್ತು. ಬೈಯುವುದಿದ್ದರೆ ಬೈದುಕೋ.

ಆ ಮರಗಳಿದ್ದ ಪೆಟ್ಟಿಗೆಯ ಮೂಲೆಯಲ್ಲಿ, ಅವುಗಳಿಂದ ಉದುರಿದ ಸ್ಪಂಜಿನ ಪುಡಿಯ ನಡುವೆ ಒಂದು ಗುಂಡುಸೂಜಿ ಸಿಕ್ಕಿತು. ಕೆಂಪು ತಲೆಯದು.

ಮಾಡೆಲ್ ಕೋಣೆಗೆ ಹೊಸಬರು ಬಂದಾಗಲೆಲ್ಲ ನೀನು ಒಪ್ಪಿಸುತ್ತಿದ್ದ ಪಾಠ ಕಿವಿಯಲ್ಲೇ ಇದೆ. ನಕ್ಷೆಯಲ್ಲಿ ಏನಿದೆ ಅಂತ ಗೊತ್ತಿಲ್ಲದ ಕಡೆ ಮರ ಅಂಟಿಸಿ ಅಂತಾರೆ, ಅಂಟಿಸ್ರಪ್ಪ, ಬರೀ ಹಲಗೆ ಕಂಡ್ರೆ ಗಿರಾಕಿ ಮುಖ ಸಿಂಡರಿಸ್ತಾನೆ. ಆದ್ರೆ ಆ ಮರಗಳ ನಡುವೆ ಒಂದು ಕೆಂಪು ಸೂಜಿ ಚುಚ್ಚಿ, ಯಾರಾದ್ರೂ ಹೋಗಿ ಕಣ್ಣಾರೆ ನೋಡ್ಕೊಂಡು ಬರೋ ತನಕ ಅದನ್ನ ಮುಟ್ಟಬೇಡಿ ಅಂತ. ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು.

ಅಂದರೆ ನೀನು ಈ ನದೀದಂಡೆಗೂ ಸೂಜಿ ಚುಚ್ಚಿದ್ದೆ. ಆವತ್ತು ಆಫೀಸಿನ ಮೀಟಿಂಗಿನಲ್ಲಿ ಡೈರೆಕ್ಟರ ಎದುರು, ಸೂಜಿ ಚುಚ್ಚಿದ್ದೇನೆ ಅಂತ ನೀನು ಹೇಳಿದೆ; ನೀನು ಚುಚ್ಚಿರಲೇ ಇಲ್ಲ, ನಿನಗೀಗ ಮರೆವು ಜಾಸ್ತಿಯಾಗಿದೆ ಅಂತ ನಾನು ಹೇಳಿದೆ. ತಪ್ಪು ನನ್ನದೇ. ಫೋಟೋ ತೆಗೆಯುವವರು ಯಾರೋ ಅಡ್ಡ ಬರುತ್ತದೆಂದು ಕಿತ್ತು ಹಾಕಿರಬೇಕು. ಕ್ಷಮಿಸು.

ಸೂಜಿ ಕಂಡ ಮೇಲೆ ಕೂರಲು ಆಗಲಿಲ್ಲ. ಮಧ್ಯಾಹ್ನ ದುಭಾಷಿ ಹುಡುಗಿಯನ್ನು ಕರೆದುಕೊಂಡು ನದೀದಂಡೆಗೆ ಹೋದೆ. ಗೋಂದು, ಅಲ್ಲಿ ನೂರ ಹನ್ನೆರಡು ಮನೆಗಳಿವೆ. ಎರಡು ಸಲ ಎಣಿಸಿದೆ. ಊರಲ್ಲಿ ಕೆಡವಿದ ಕಟ್ಟಡಗಳ ಬಾಗಿಲು ಕಿಟಕಿಗಳನ್ನು ಎಳೆದು ತಂದು, ಹೆರೆದು, ಕೀಲು ಹಾಕಿ, ಮತ್ತೆ ಮಾರುವವರು. ಬೀದಿಯುದ್ದಕ್ಕೂ ಬಾಗಿಲುಗಳನ್ನು ಗೋಡೆಗೆ ಒರಗಿಸಿದ್ದಾರೆ. ಒಬ್ಬರ ಮನೆಗೂ ನಂಬರು ಕೊಟ್ಟಿಲ್ಲ, ಅದಕ್ಕೇ ನಕ್ಷೆಯಲ್ಲಿ ಅವರಿಲ್ಲ.

ನಾವು ಇಲ್ಲಿಗೆ ಮಾರುತ್ತಿರುವುದು ನಮ್ಮೂರ ಕೆರೆದಂಡೆಗೆ ಬಹುಮಾನ ತಂದುಕೊಟ್ಟ ಅದೇ ಹಸಿರು ಬಡಾವಣೆಯ ವಿನ್ಯಾಸ. ಎಲ್ಲ ಕಾಲಿಗೂ ಒಂದೇ ಅಳತೆಯ ಚಪ್ಪಲಿ ಅಂತ ನೀನು ಕಿಚಾಯಿಸುತ್ತಿದ್ದೆ. ಕೆಡವಿದ್ದನ್ನು ಮರುಬಳಕೆ ಮಾಡುವುದು ಹೇಗೆಂದು ನಮ್ಮ ಯೋಜನೆಯ ಪುಸ್ತಕದಲ್ಲಿ ಹದಿನಾಲ್ಕು ಪುಟ ಬರೆದಿದ್ದೇವೆ. ಅದನ್ನೇ ಮೂರು ತಲೆಮಾರಿನಿಂದ ಮಾಡುತ್ತಿರುವವರನ್ನು ಎಬ್ಬಿಸಿ ಅಲ್ಲಿ ಉದ್ಯಾನ ಮಾಡುತ್ತೇವಂತೆ. ನಗು ಬರುತ್ತದೆಯೇ? ನನಗೆ ಬರಲಿಲ್ಲ.

ಉಳಿ ಹಿಡಿದು ಕೂತಿದ್ದ ಒಬ್ಬ ಅಜ್ಜಿ ನನ್ನ ಕೈಯಲ್ಲಿದ್ದ ಮಾಡೆಲಿನ ಚಿತ್ರ ಇಸಿದುಕೊಂಡು ನೋಡಿದಳು. ದುಭಾಷಿ ಹೇಳಿದ್ದನ್ನು ನಮ್ಮ ಮಾತಲ್ಲಿ ಹೇಳುತ್ತೇನೆ: ಮರ ಚೆನ್ನಾಗಿದೆ ಕಣಮ್ಮ, ಆದ್ರೆ ನಮ್ಮ ಮನೆ ಮುಂದಿರೋ ಮರಾನೇ ಇದ್ರಲ್ಲಿ ಇಲ್ವಲ್ಲ, ನೀವು ಯಾವತ್ತು ಬಂದು ನೋಡಿದ್ರಿ ಅಂತ ಕೇಳಿದಳು. ತಿರುಗಿ ನೋಡಿದರೆ ಮನೆ ಮನೆಗೂ ಮರ, ನಾವು ಅಂಟಿಸಿದ್ದಕ್ಕಿಂತ ದೊಡ್ಡವು. ಇವತ್ತೇ ನೋಡಿದ್ದು ಅಂದೆ. ಅವಳು ಚಿತ್ರ ವಾಪಸ್ ಕೊಟ್ಟು ಬಾಗಿಲು ಹೆರೆಯತೊಡಗಿದಳು.

ಇವತ್ತು ಮೂರು ಗಂಟೆಗೆ ಒಪ್ಪಂದ. ಅದರಲ್ಲಿ ಒಂದು ಹಾಳೆ ನನ್ನದು: ನದೀದಂಡೆಯ ಹಸಿರು ಪಟ್ಟಿಯ ಜಾಗದಲ್ಲಿ ಯಾರೂ ವಾಸವಿಲ್ಲವೆಂದು ಯೋಜಕಿಯಾದ ನಾನು ಖುದ್ದಾಗಿ ನೋಡಿ ದೃಢಪಡಿಸಿದ್ದೇನೆ, ಅಂತ. ಸಹಿ ಹಾಕಿದರೆ ಸೋಮವಾರ ಅಲ್ಲಿಗೆ ಮನೆ ಕೆಡವುವ ಯಂತ್ರಗಳು ಬರುತ್ತವೆ.

ಮಧ್ಯಾಹ್ನ ಒಂದೂಕಾಲು

ಮೂರು ಸಲ ಲಿಫ್ಟಿನಲ್ಲಿ ಇಳಿದು ಹತ್ತಿದೆ, ಕೆಲಸವೇನೂ ಇಲ್ಲ. ಇಸ್ತ್ರಿ ಮಾಡಿದ ಬಟ್ಟೆ ಮಂಚದ ಮೇಲಿದೆ. ಅದರ ಮೇಲೇ ಕೂತಿದ್ದೇನೆ ಅಂತ ಈಗ ಗೊತ್ತಾಯಿತು.

ಡೈರೆಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ರೇಗಲಿಲ್ಲ, ರೇಗಿದ್ದರೆ ವಾಸಿಯಿತ್ತು. ಅಲ್ಲಮ್ಮ, ಮನೆ ಒಡೀತೀವಿ ಅಂದ್ರೆ ಜನ ಗಲಾಟೆ ಮಾಡ್ತಾರೆ, ಮರ ನೆಡ್ತೀವಿ ಅಂದ್ರೆ ಯಾರು ಮಾಡ್ತಾರೆ ಹೇಳು ಅಂದರು. ಆ ದಂಡೆ ಖಾಲಿಯಾಗಲಿ ಅಂತ ಇಲ್ಲಿನ ಸರ್ಕಾರಕ್ಕೇ ಇಪ್ಪತ್ತು ವರ್ಷದಿಂದ ಆಸೆಯಂತೆ, ನೆಪ ಸಿಕ್ಕಿರಲಿಲ್ಲವಂತೆ. ಅವರಿಗೆ ನಮ್ಮ ನಕ್ಷೆ ಬೇಕಾಗಿಲ್ಲ ಗೋಂದು, ನಮ್ಮ ಮರ ಬೇಕಾಗಿದೆ. ಕೊನೆಗೆ, ಸಹಿ ಹಾಕದೆ ಬಂದ್ರೆ ಇಲ್ಲಿ ನಿನ್ನ ಕುರ್ಚಿ ಇರಲ್ಲ, ಈ ಒಪ್ಪಂದ ಹೋದ್ರೆ ಆಫೀಸಿನ ಮೂವತ್ತು ಜನದ ಕೆಲಸಾನೂ ಹೋಗತ್ತೆ, ಯೋಚನೆ ಮಾಡು ಅಂದರು.

ಆ ಮೂವತ್ತು ಜನರಲ್ಲಿ ಎಷ್ಟು ಜನ ನಮ್ಮ ಮನೆಯಲ್ಲಿ ಉಂಡಿದ್ದಾರೆ! ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಹಾಗಾಗಿದೆ. ನಮ್ಮೂರ ಕೆರೆದಂಡೆಯಲ್ಲಿ ಮೊದಲು ಯಾರಿದ್ದರು ಅಂತ ನಾನು ಯಾವತ್ತಾದರೂ ಕೇಳಿದ್ದೆನೇ? ನೀನು ಕೇಳಿದ್ದೆ, ಎರಡು ಸಲ. ನಾನು ಬಹುಮಾನದ ದಿನ ಏನು ಉಡಲಿ ಅಂತ ಯೋಚಿಸುತ್ತಿದ್ದೆ.

ಭಯವಾಗುತ್ತಿದೆ ಕಣೋ. ನೀನು ಇಲ್ಲಿದ್ದಿದ್ದರೆ ಚೆನ್ನಾಗಿತ್ತು.

ಸಂಜೆ ಐದೂವರೆ

ಆಯಿತು. ಹೇಗಾಯಿತೋ ಹಾಗೇ ಬರೆಯುತ್ತೇನೆ.

ಸಭಾಂಗಣದ ನಡುವೆ ನಿನ್ನ ಮಾಡೆಲ್, ಸುತ್ತ ಪತ್ರಿಕೆಯವರು. ಮಂತ್ರಿಗಳು ಬಗ್ಗಿ ನದೀದಂಡೆಯ ಮರಗಳನ್ನು ಬೆರಳ ತುದಿಯಿಂದ ಸವರಿ, ಇದೇ ನಮ್ಮ ನಗರದ ಶ್ವಾಸಕೋಶ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮುಂದೆ ಹಾಳೆ ಇಟ್ಟರು. ಪೆನ್ನೂ ಕೈಗೆ ಬಂತು.

ನಾನು ಪೆನ್ನು ಕೆಳಗಿಟ್ಟು ಎದ್ದು ಹೋಗಿ ಮರಗಳ ನಡುವೆ ಆ ಕೆಂಪು ಸೂಜಿ ಚುಚ್ಚಿದೆ. ಅವಸರದಲ್ಲಿ ಕೈ ತಗುಲಿ ನಾಲ್ಕು ಮರ ಉದುರಿದವು, ಕೋಪ ಮಾಡಿಕೊಳ್ಳಬೇಡ. ಇದೇನು ಅಂತ ಮಂತ್ರಿಗಳು ಕೇಳಿದರು. ನೋಡದೆ ಮರ ಅಂಟಿಸಿದ ಜಾಗಕ್ಕೆ ನಮ್ಮ ಮಾಡೆಲ್ ಮಾಡುವವರು ಹಾಕುವ ಗುರುತು ಅಂದೆ. ನಿನ್ನೆ ಹೋಗಿ ನೋಡಿದೆ, ನೂರ ಹನ್ನೆರಡು ಮನೆಗಳಿವೆ, ಆದ್ದರಿಂದ ಈ ಹಾಳೆಗೆ ಸಹಿ ಹಾಕಲಾರೆ ಅಂದೆ. ದುಭಾಷಿ ಹುಡುಗಿ ಅದನ್ನು ಗಟ್ಟಿಯಾಗಿ ಅನುವಾದಿಸಿದಳು. ಕ್ಯಾಮೆರಾಗಳೆಲ್ಲ ಸೂಜಿಯ ಕಡೆ ತಿರುಗಿದವು.

ಮಂತ್ರಿಗಳು ಜಾಣರು. ಹೌದಾ, ಹಾಗಾದ್ರೆ ಸರಿಯಾಗಿ ನೋಡಬೇಕಾದ್ದೇ ಅಂದು ನಕ್ಕರು. ಒಪ್ಪಂದ ಹದಿನೈದು ದಿನ ಮುಂದಕ್ಕೆ ಹೋಯಿತು. ಹದಿನೈದು ದಿನಕ್ಕೆ ಏನೂ ಬದಲಾಗದಿರಬಹುದು, ನನಗೆ ಭ್ರಮೆಯಿಲ್ಲ. ಆದರೆ ನಾಳೆಯ ಪತ್ರಿಕೆಯಲ್ಲಿ ಸೂಜಿಯ ಚಿತ್ರ ಬರುತ್ತದೆ. ಇನ್ನು ಮೇಲೆ ಅಲ್ಲಿ ಯಾರೂ ಇಲ್ಲ ಅಂತ ಬರೆಯುವುದು ಅಷ್ಟು ಸುಲಭವಲ್ಲ. ಡೈರೆಕ್ಟರ ಸಂದೇಶವೂ ಬಂದಿದೆ. ಒಂದೇ ಸಾಲು, ನೀನು ಊಹಿಸಬಲ್ಲೆ.

ಈ ಕಾಗದವನ್ನು ರಾತ್ರಿ ವಿಮಾನಕ್ಕೆ ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದೇನೆ, ನಾನು ಗುರುವಾರ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಚಿಮಟವನ್ನು ಅತ್ತೆಯ ಕೈಗಾದರೂ ಕೊಟ್ಟು ಹೋಗುತ್ತೇನೆ.

ದಿನವಿಡೀ ಗೆರೆ ಎಳೆಯುತ್ತಾಳೆಂದು ನೀನೇ ಹೆಸರಿಟ್ಟ,
ನಿನ್ನ ಗೆರೆ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಸೂಜಿ ಪೆಟ್ಟಿಗೆಯಲ್ಲಿ ಸಿಕ್ಕಿತು ಅಂತ ಬರೆದದ್ದು ಸುಳ್ಳು. ಅದು ಎಂಟು ತಿಂಗಳಿಂದ ನನ್ನ ಪರ್ಸಿನ ಒಳಜೇಬಿನಲ್ಲಿತ್ತು. ಮೀಟಿಂಗಿನ ಹಿಂದಿನ ದಿನ, ನೀನು ಊಟಕ್ಕೆ ಹೋಗಿದ್ದಾಗ, ನಾನೇ ಕಿತ್ತೆ. ಸೂಜಿ ಕಂಡರೆ ನೋಡಿಕೊಂಡು ಬನ್ನಿ ಅಂತ ಕಳಿಸುತ್ತಾರೆ, ಕೆಲಸ ತಡವಾಗುತ್ತದೆ ಅಂತ. ಎಲ್ಲರ ಮುಂದೆ ನಿನ್ನನ್ನು ಮರೆಗುಳಿ ಅಂದಾಗ ಆ ಪರ್ಸು ನನ್ನ ಮಡಿಲಲ್ಲೇ ಇತ್ತು. ಆಮೇಲೆ ನಿನ್ನ ಮುಖ ನೋಡಲಾಗದೆ ಮನೆ ಬಿಟ್ಟೆ, ಜಗಳ ಬರೀ ನೆಪ. ನಿನಗೆ ಮರೆವಿಲ್ಲ ಗೋಂದು, ಯಾವತ್ತೂ ಇರಲಿಲ್ಲ. ಶನಿವಾರ ಮತ್ತೆ ಡಾಕ್ಟರ ಹತ್ತಿರ ಹೋಗುತ್ತೀಯಂತೆ, ಹೋಗಬೇಡ.