ಬೇಗ ಗಟ್ಟಿಯಾದ ತಾರಸಿ

ಲಗ್ಗೆರೆ

ಪ್ರೀತಿಯ ಕೆಂಪರಾಜಣ್ಣನಿಗೆ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ನಮ್ಮ ಯಜಮಾನರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಅಮ್ಮನ ಹೊಸ ಕೋಣೆಯ ತಾರಸಿಗೆ ಸಿಮೆಂಟ್ ಕಡಿಮೆ ಮಾಡಿ ಸುಣ್ಣಕಲ್ಲಿನ ಪುಡಿ ಬೆರೆಸಿದೆಯಲ್ಲ, ಅದೇ ಕಾಂಕ್ರೀಟಿನಿಂದ ಅವತ್ತು ಪರೀಕ್ಷೆಗೆಂದು ಎರೆದಿಟ್ಟಿದ್ದ ಕ್ಯೂಬನ್ನು ಇವತ್ತು ನಾನು ಕೆಲಸ ಮಾಡುವ ಲ್ಯಾಬಿನ ಯಂತ್ರದಲ್ಲಿ ಒತ್ತಿ ನೋಡಿದೆ. ಬಿಸ್ಕತ್ತಿನ ಹಾಗೆ ಪುಡಿಯಾಯಿತು. "ಬೇಗ ಕಲ್ಲಾಗಿದೆ ಕಣೇ" ಅಂತ ನೀನು ತಾರಸಿಯನ್ನು ಕೆಳಗಿನಿಂದ ಹೊತ್ತಿದ್ದ ಸೆಂಟ್ರಿಂಗ್ ಹಲಗೆ, ಕಂಬಗಳನ್ನು ಅವಧಿಗೆ ಮುಂಚೆಯೇ ಬಿಚ್ಚಿಸಿಬಿಟ್ಟೆ. ನುಣ್ಣನೆಯ ಪುಡಿ ಬೆರೆತರೆ ಸಿಮೆಂಟ್ ನೀರಿನೊಡನೆ ಬೇಗ ಕೂಡಿಕೊಂಡು ಮೊದಮೊದಲು ಗಟ್ಟಿಯಾಗುತ್ತದೆ; ಸಿಮೆಂಟೇ ಸಾಲದಿದ್ದರೆ ಆಮೇಲೆ ಬಲ ಬರುವುದಿಲ್ಲ. ಈಗ ತಾರಸಿಯ ನಡುವೆ ಬಿರುಕು ಬಿಟ್ಟಿದೆ. ತಕ್ಷಣ ಜನ ಕರೆತಂದು ಆಸರೆ ಕಂಬ ಕೊಡಿಸು.

"ನನ್ ಮಗ ಕಟ್ಟಿಸಿದ್ದು, ಬೀಳಲ್ಲ" ಅಂತ ಅಮ್ಮ ಆ ಬಿರುಕಿನ ಕೆಳಗೇ ಇರುವ ಮಂಚ ಬಿಟ್ಟು ಏಳುತ್ತಿಲ್ಲ. ನೀನು ಹೇಳಿದರೆ ಮಾತ್ರ ಕೇಳುತ್ತಾಳೆ. ನೀನು ಬರುವವರೆಗೆ ನಾನೂ ಇಲ್ಲೇ ಅವಳ ಪಕ್ಕದಲ್ಲಿ ಕೂತಿರುತ್ತೇನೆ.

ನಿನ್ನ ತಂಗಿ
ಸುಮಿತ್ರ