ಮೂವತ್ತು ದಿನದ ಪ್ರಶ್ನೆಗೆ ತಡವಾದ ಉತ್ತರ

ತಟ್ಟೆಮನೆ, ಚಳ್ಳಕೆರೆ
ಫೆಬ್ರವರಿ ೩೦, ೨೨೧೭

ಮಂದಾಕಿನಿ ಸವಣೂರು ಅವರಿಗೆ ಸೂರಯ್ಯನ ನಮಸ್ಕಾರ.

ಫೆಬ್ರವರಿಗೆ ಮೂವತ್ತನೇ ತಾರೀಕು ಇಲ್ಲವೆಂದು ನನಗೂ ಗೊತ್ತು. ಇಲ್ಲಿನ ಯಂತ್ರ ಹಾಗೆ ತೋರಿಸುತ್ತದೆ. ಸರಿಮಾಡಬಲ್ಲವರು ಯಾರೂ ಉಳಿದಿಲ್ಲವಾದ್ದರಿಂದ ಊರೆಲ್ಲ ಅದನ್ನೇ ಒಪ್ಪಿಕೊಂಡಿದೆ. ನನ್ನ ಮಾತು ಒರಟಾಗಿಯೋ ವಿಚಿತ್ರವಾಗಿಯೋ ಕಂಡರೆ ಮನ್ನಿಸಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಎಪ್ಪತ್ತೊಂದು ತುಂಬಿದ ನಾನು ದೊಡ್ಡವನೋ, ಏಳು ತಲೆಮಾರು ಹಿಂದೆ ಇದ್ದ ನೀವು ದೊಡ್ಡವರೋ ತಿಳಿಯದೆ ‘ನೀವು’ ಎನ್ನುತ್ತಿದ್ದೇನೆ. ಬೈಯಲೆಂದೇ ಬರೆಯಲು ಕೂತವನು. ಬೈಗುಳ ಎಲ್ಲಿ ಹೋಯಿತೆಂದು ಮುಂದೆ ಹೇಳುತ್ತೇನೆ.

ನೀವು ಹಾರ್ಡ್ ಡಿಸ್ಕ್ ಎನ್ನುತ್ತಿದ್ದುದು ನಮಗೆ ತಟ್ಟೆ. ಬಂಡೆ ಕೊರೆದು ಮಾಡಿದ ಈ ಒಣ ಕೋಣೆಯಲ್ಲಿ ಒಂಬೈನೂರಕ್ಕೂ ಹೆಚ್ಚು ತಟ್ಟೆಗಳಿವೆ. ಹೊಸದನ್ನು ಮಾಡುವ ಕೈಗಳು ಯಾವ ದೇಶದಲ್ಲೂ ಇಲ್ಲ. ಹೊರಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟು, ಧೂಳೆಲ್ಲ ಅದಕ್ಕೆ ಅಂಟಿದ ಮೇಲೆ ನಾನು ಒಳಗೆ ಹೋಗುವುದು. ಬಿಸಿಲಿನಿಂದ ಸಿಗುವ ವಿದ್ಯುತ್ತಿನಲ್ಲಿ ದಿನಕ್ಕೆ ನಾಲ್ಕು ಗಂಟೆ ತಟ್ಟೆ ತಿರುಗಿಸಬಹುದು. ಕಿವಿ ಹಚ್ಚಿದಾಗ ಸಣ್ಣಗೆ ಗುಂಯ್ ಎಂದರೆ ಜೀವ ಇದೆ, ಟಕ್ ಟಕ್ ಎಂದರೆ ಹೋಯಿತು. ಓದುವುದಕ್ಕೆ, ಸರಿಪಡಿಸುವುದಕ್ಕೆ ಇರುವುದು ನೀವೂ ನಿಮ್ಮ ಜೊತೆಯವರೂ ಬರೆದ ಉಪಕರಣಗಳೇ, ಯಾರ ಸೊತ್ತೂ ಅಲ್ಲದ, ಯಾರು ಬೇಕಾದರೂ ತಿದ್ದಬಹುದಾದ ಆ ಕಂಪ್ಯೂಟರ್ ವ್ಯವಸ್ಥೆಯವು. ನಾವು ಅವನ್ನು ಓದುಗ ಎನ್ನುತ್ತೇವೆ. ಈಗ ತಿದ್ದುವವರಿಲ್ಲ. ನಾನು ಗುಂಡಿ ಒತ್ತುವವನು ಅಷ್ಟೇ.

ಕಳೆದ ತಿಂಗಳು ಕುಮಟೆಯ ಕಡೆಯಿಂದ ಬುದವಂತಿ ಎಂಬ ಹೆಂಗಸು ಹನ್ನೊಂದು ದಿನ ನಡೆದು ಬಂದಳು. ಮಡಿಲಲ್ಲಿ ಎರಡು ತಟ್ಟೆ. ಸಮುದ್ರ ಒಳಗೆ ಬಂದು ಅವರ ಗದ್ದೆಗಳಿಗೆಲ್ಲ ಉಪ್ಪು ನೀರು ಹತ್ತಿದೆ. ಉಪ್ಪಿನಲ್ಲೂ ಬೆಳೆಯುವ ಕಗ್ಗ ಎಂಬ ಭತ್ತದ ಬೀಜ ಅವರ ಹತ್ತಿರ ಇನ್ನೂ ಇದೆ, ಬೆಳೆಯುವ ರೀತಿ ಮರೆತುಹೋಗಿದೆ. ಗದ್ದೆಯ ಒಡ್ಡಿಗೆ ಯಾವ ಮಣ್ಣು, ಯಾವ ಅಮಾವಾಸ್ಯೆಯಲ್ಲಿ ಸಮುದ್ರ ಉಕ್ಕುವ ಭರತಕ್ಕೆ ತೂಬು ಮುಚ್ಚಬೇಕು, ಬೀಜ ಎಷ್ಟು ದಿನ ನೆನೆಯಬೇಕು ಎಂದು ಅವಳ ಹಿರಿಯಜ್ಜಿಯೊಬ್ಬಳು ನಿಮ್ಮ ಕಾಲದಲ್ಲಿ ಕೂತು ಹೇಳಿದ್ದಳಂತೆ. ಯಾರೋ ಪುಣ್ಯಾತ್ಮರು ಅದನ್ನು ಎರಡು ತಟ್ಟೆಗೆ ತುಂಬಿಸಿಟ್ಟರಂತೆ. ಎರಡು ವರ್ಷ ಬೆಳೆ ಕೊಳೆತಿದೆ. ಮೂರನೆಯ ಬಿತ್ತನೆಗಾಗುವಷ್ಟೇ ಬೀಜ ಉಳಿದಿದೆ.

ಮೊದಲ ತಟ್ಟೆ ಜೋಡಿಸಿದೆ. ಗುಂಯ್ ಎಂದಿತು, ನನಗೆ ಖುಷಿಯಾಯಿತು. ಓದುಗ ತೆರೆಯ ಮೇಲೆ ಬರೆಯಿತು: ಈ ತಟ್ಟೆ ಖಾಲಿ ಇದೆ, ಒರೆಸಿ ಸಿದ್ಧಮಾಡಲೇ? ಖಾಲಿ ತಟ್ಟೆ ಸಿಕ್ಕರೆ ಒರೆಸಿ ಬೇರೆಯವರ ಬರಹಕ್ಕೆ ಕೊಡುವುದು ಈ ಮನೆಯ ಪದ್ಧತಿ. ತಟ್ಟೆಗೆ ಅಷ್ಟು ಬರ. ಬುದವಂತಿ ಖಾಲಿ ಅಲ್ಲ ಎಂದಳು, ಎರಡು ಸಲ ಹೇಳಿದಳು. ಯಂತ್ರಕ್ಕಿಂತ ನಿನಗೆ ಹೆಚ್ಚು ಗೊತ್ತೇನು ಎಂದು ಗದರಿದೆ. ನಲವತ್ತು ವರ್ಷದ ಅಭ್ಯಾಸದ ಬೆರಳು ಹೌದು ಎಂದು ಒತ್ತಿಬಿಟ್ಟಿತು. ಮೂರು ಗಂಟೆ ಅದು ಮೂಲೆಮೂಲೆ ಒರೆಸಿತು. ತಟ್ಟೆ ತಿರುಗುತ್ತಿದೆಯಲ್ಲ, ಓದುತ್ತಿದೆ ಎಂದುಕೊಂಡು ಅವಳು ಮೂರು ಗಂಟೆಯೂ ಎದುರಿಗೇ ಕೂತಿದ್ದಳು. ತಟ್ಟೆ ನಿಂತ ಮೇಲೆ ಕೇಳಿದಳು:

“ಅಜ್ಜಿ ಯಾವಾಗ ಮಾತಾಡ್ತಾಳೆ?”

ಎಲ್ಲ ಒರೆಸಿಹೋಯಿತೆಂದು ನಾನು ಬಾಯಿಬಿಟ್ಟು ಹೇಳಿದೆ. ಅವಳು ಅಳಲಿಲ್ಲ. ಎರಡನೆಯ ತಟ್ಟೆಯನ್ನು ಸೆರಗಿಗೆ ಕಟ್ಟಿಕೊಂಡಳು.

“ನಿನ್ನ ಪೆಟ್ಟಿಗೆಗೆ ಓದ್ಲಿಕ್ಕೆ ಬರೂದಿಲ್ಲ ಅಂದ್ರೆ ಬರೂದಿಲ್ಲ ಅನ್ಬೇಕು ಮಾರಾಯಾ. ಖಾಲಿ ಅಂತ ಯಾಕೆ ಸುಳ್ಳು ಹೇಳೂದು?”

ಆ ಮಾತಿಗೆ ಉತ್ತರ ಹುಡುಕಿಯೇ ನಿಮ್ಮವರ ಚರ್ಚೆಯ ಪತ್ರಗಳನ್ನು ತೆಗೆದದ್ದು. ಪತ್ರಗಳು ಪೂರ್ತಿ ಉಳಿದಿವೆ, ಓದುಗನನ್ನು ನಡೆಸುವ ಸಾಲುಗಳಲ್ಲಿ ಮಾತ್ರ ಕೊನೆಯ ಆವೃತ್ತಿಯಷ್ಟೇ ಉಳಿದಿದೆ, ಹಳೆಯವು ಇಲ್ಲ. ಅಕ್ಷರ ಕೂಡಿಸಿ ಓದುವವನಿಗೆ ಒಂಬತ್ತು ದಿನ ಹಿಡಿಯಿತು. ಸಿಕ್ಕಿತು, ನಿಮ್ಮದೇ ಕೈಬರಹ ಎನ್ನಬೇಕು. ತಟ್ಟೆಯೊಳಗೆ ಬರಹ ಜೋಡಿಸಿಡುವ ಹಳೆಯ ಜೋಡಣೆಯೊಂದರ ಹೆಸರು ಬರೆದು ಕೇಳಿದ್ದೀರಿ: “ಇದನ್ನು ಯಾರಾದರೂ ಇನ್ನೂ ಬಳಸುತ್ತಿದ್ದೀರಾ? ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ತೆಗೆದುಹಾಕುತ್ತೇನೆ.” ಉತ್ತರ ಬರಲಿಲ್ಲ. ಅದನ್ನು ಓದಲು ಬೇಕಾದ ನಾನೂರ ಹನ್ನೆರಡು ಸಾಲು ಓದುಗನಿಂದ ತೆಗೆದುಹಾಕಿದಿರಿ. ಬುದವಂತಿಯ ತಟ್ಟೆಗಳು ಅದೇ ಜೋಡಣೆಯವು, ಅದಕ್ಕೇ ಓದುಗನಿಗೆ ಖಾಲಿ ಕಂಡದ್ದು. ಗದ್ದೆಯಲ್ಲಿ ನಿಂತವರಿಗೆ ಇಂಥದೊಂದು ಚರ್ಚೆ ನಡೆಯುತ್ತಿದೆ ಎಂದು ಹೇಳುವವರಾದರೂ ಯಾರಿದ್ದರು?

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿ ಬೈಯುತ್ತಿದ್ದೆ. ಹಟಕ್ಕೆ ಹಿಂದಿನವನ್ನೂ ಓದಿದೆ. ಓದುಗನ ಈ ಭಾಗ ನೋಡಿಕೊಳ್ಳಲು ಇನ್ನೊಬ್ಬರು ಬನ್ನಿ ಎಂದು ಐದು ವರ್ಷದಲ್ಲಿ ಆರು ಸಲ ಕೇಳಿದ್ದೀರಿ. ಒಬ್ಬ ಒಳ್ಳೆಯದಾಗಲಿ ಎಂದಿದ್ದಾನೆ, ಮತ್ತೊಬ್ಬ ನಿಮ್ಮ ಕೆಲಸದಲ್ಲಿ ಹುಳುಕು ಹುಡುಕಿದ್ದಾನೆ. ಮಗಳಿಗೆ ಜ್ವರ, ಸೋಮವಾರ ನೋಡುತ್ತೇನೆ ಎಂದು ಒಮ್ಮೆ ಬರೆದಿದ್ದೀರಿ. ಆ ಸೋಮವಾರ ನೋಡಿಯೂ ಇದ್ದೀರಿ. ಇಷ್ಟು ಓದಿದ ಮೇಲೆ ಬೈಗುಳ ಗಂಟಲಲ್ಲೇ ಉಳಿಯಿತು. ಒರೆಸಿದ್ದು ನನ್ನ ಬೆರಳು, ನಿಮ್ಮದಲ್ಲ.

ಬುದವಂತಿ ಇನ್ನೂ ಹೋಗಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತು, ಬೀಜ ನೆನೆಸಲು ಇನ್ನೆಷ್ಟು ದಿನ ಎಂದು ಬೆರಳು ಮಡಚುತ್ತಾಳೆ. ಅಷ್ಟರೊಳಗೆ ಆ ಸಾಲುಗಳನ್ನು ಮತ್ತೆ ಬರೆಯಬಲ್ಲವರು ಇಲ್ಲ. ನನಗಂತೂ ಬರುವುದಿಲ್ಲ. ಎರಡನೆಯ ತಟ್ಟೆಯನ್ನು ಅವಳು ಕೊಡುತ್ತಿಲ್ಲ, ನಾನು ಕೇಳುತ್ತಲೂ ಇಲ್ಲ.

ಹಳೆಯದನ್ನೆಲ್ಲ ಹೊತ್ತುಕೊಂಡೇ ಇರಿ ಎನ್ನಲು ನನಗೆ ಬಾಯಿಲ್ಲ. ನಿಮ್ಮ ಬೆನ್ನೂ ಬೆನ್ನೇ. ತೆಗೆಯುವ ಮುಂಚೆ, ಆ ತಟ್ಟೆಯಲ್ಲಿ ಯಾವುದು ಎಲ್ಲಿರುತ್ತದೆ ಎಂದು ಒಂದು ಹಾಳೆಯಲ್ಲಿ, ನನ್ನಂಥವನಿಗೂ ತಿಳಿಯುವಂತೆ ಬರೆದಿಡಿ. ಓದಲಾಗದ್ದಕ್ಕೆ ನಿಮ್ಮ ಓದುಗ ಖಾಲಿ ಎನ್ನದಿರಲಿ, ಗೊತ್ತಿಲ್ಲ ಎನ್ನಲಿ.

ಇದು ನಿಮಗೆ ತಲುಪುವ ದಾರಿ ನನಗೆ ತಿಳಿಯದು. ನಿಮ್ಮ ಪ್ರಶ್ನೆಯ ಕೆಳಗೇ ಇಡುತ್ತಿದ್ದೇನೆ. ಅಲ್ಲಿ ಇನ್ನೂ ಜಾಗ ಖಾಲಿ ಇದೆ, ಈ ಸಲ ನಾನೇ ಕಣ್ಣಾರೆ ನೋಡಿದ್ದೇನೆ.

ನೀವು ಕೇಳಿದ್ದಿರಿ. ಬಳಸುತ್ತಿದ್ದೇವೆ ತಾಯಿ. ನಾವಿಬ್ಬರು.

ಸೂರಯ್ಯ, ಬುದವಂತಿ